ಎಂಥ ಮಾತುಗಾರ ಎನ್ನುವ ಮುನ್ನ

ನೀವು ಒಳ್ಳೆಯವರು ಎಂಬ ನಂಬಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಬಸ್ಸಿನಲ್ಲಿ ಬಸುರಿ ಹೆಂಗಸು ಹತ್ತಿದರೆ ಎದ್ದು ಜಾಗ ಬಿಡುತ್ತೀರಿ, ಬಾಗಿಲಿಗೆ ಬಂದವರನ್ನು ನೀರು ಕೊಡದೆ ಕಳಿಸಲಾರಿರಿ, ಪಕ್ಕದ ಮನೆಯ ಕೂಸು ರಾತ್ರಿಯೆಲ್ಲ ಅತ್ತರೆ ಬೆಳಗಾಗುತ್ತಲೇ ಹೋಗಿ ವಿಚಾರಿಸುತ್ತೀರಿ. ಅಂಥ ನೀವೇ, ಯಾರೋ ಫೋನಿಗೆ ಕಳಿಸಿದ ಕಪ್ಪು ಬಿಳುಪಿನ ವಿಡಿಯೋ ತುಣುಕೊಂದನ್ನು ತೆರೆದು, ಮೋಟು ಮೀಸೆಯ ಆ ಮನುಷ್ಯ ಮೊದಲು ಸುಮ್ಮನೆ ನಿಂತು, ಆಮೇಲೆ ತಗ್ಗಿದ ದನಿಯಲ್ಲಿ ಶುರುಮಾಡಿ, ಕೊನೆಗೆ ಮುಷ್ಟಿ ಬಿಗಿದು ಗುಡುಗುವುದನ್ನು ಕಣ್ಣರಳಿಸಿ ನೋಡಿ, 'ಏನೇ ಅನ್ನಿ, ಮಾತುಗಾರ ಅಂದರೆ ಇವನೇ' ಎಂದು ಮತ್ತೊಬ್ಬರಿಗೆ ಕಳಿಸುತ್ತೀರಿ. ಆ ಗುಡುಗಿನ ಹಿಂದೆ ಸಿಡಿಲು ಯಾರ ಮೇಲೆ ಬಿತ್ತು ಎನ್ನುವುದು ನಿಮಗೆ ಗೊತ್ತಿಲ್ಲದ್ದಲ್ಲ. 60 ಲಕ್ಷ ಯಹೂದಿಗಳು ಎಂದು ಹೈಸ್ಕೂಲಿನಲ್ಲೇ ಓದಿದ್ದೀರಿ. ಗೊತ್ತಿದ್ದೂ, ಆ ಎರಡು ನಿಮಿಷದ ಮಟ್ಟಿಗೆ, ಅದನ್ನು ಪಕ್ಕಕ್ಕೆ ಸರಿಸಿಡುತ್ತೀರಿ.

ನನ್ನ ಸಂಕಟವಿರುವುದು ಆ ಪಕ್ಕಕ್ಕೆ ಸರಿಸಿಡುವ ಕೈಯ ಬಗ್ಗೆ. ಹಿಟ್ಲರನ ಆತ್ಮಕಥೆ ನಮ್ಮ ಫುಟ್‌ಪಾತಿನ ಪುಸ್ತಕದ ರಾಶಿಯಲ್ಲಿ ಯಶಸ್ಸಿನ ಸೂತ್ರ ಹೇಳುವ ಪುಸ್ತಕಗಳ ಪಕ್ಕದಲ್ಲೇ ಮಾರಾಟವಾಗುತ್ತದೆ. ವ್ಯಕ್ತಿತ್ವ ವಿಕಸನದ ಶಿಬಿರಗಳಲ್ಲಿ ಅವನ ಕೈಬೀಸು, ಅವನ ಮೌನ, ಅವನ ಏರುದನಿ ಮಕ್ಕಳಿಗೆ ಮಾದರಿಯಾಗುತ್ತವೆ. ಶಿಸ್ತಿನ ಅಪ್ಪನಿಗೆ, ಕಟ್ಟುನಿಟ್ಟಿನ ಮೇಷ್ಟ್ರಿಗೆ ಆ ಹೆಸರನ್ನು ಪ್ರೀತಿಯಿಂದಲೇ ಇಟ್ಟು ಕರೆಯುತ್ತೇವೆ. ಯಾರಾದರೂ ತಡೆದು ಕೇಳಿದರೆ ಎರಡು ಉತ್ತರ ಸಿದ್ಧವಾಗಿರುತ್ತವೆ: ನಾನು ಮೆಚ್ಚಿದ್ದು ಮಾತಿನ ಕಲೆಯನ್ನು, ಮಾಡಿದ ಕೆಲಸವನ್ನಲ್ಲ, ಅಲ್ಲದೆ ಅದು ಯುದ್ಧಕಾಲ, ಯುದ್ಧದಲ್ಲಿ ಎಲ್ಲರೂ ಹಾಗೆಯೇ ಮಾತಾಡುತ್ತಾರೆ. ದಯವಿಟ್ಟು ಈ ಎರಡು ಉತ್ತರಗಳನ್ನೂ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಆ ಮಾತು ಬೇರೆ, ಆ ಕೆಲಸ ಬೇರೆ ಆಗಿರಲಿಲ್ಲ. ಆ ಮಾತೇ ಕೆಲಸದ ಮೊದಲ ಭಾಗವಾಗಿತ್ತು. ಕೊಲೆಗೆ ಬಳಸಿದ ಮಚ್ಚು ಇನ್ನೂ ಒದ್ದೆಯಾಗಿರುವಾಗ ಅದರ ಹಿಡಿಯ ಕೆತ್ತನೆಯನ್ನು ಮೆಚ್ಚಲು ನಿಮ್ಮ ಮನಸ್ಸು ಒಪ್ಪೀತೇ?

1939ರ ಜನವರಿ 30. ಬರ್ಲಿನ್ನಿನ ಕ್ರೋಲ್ ಒಪೆರಾ ಭವನದಲ್ಲಿ ಕೂಡಿದ್ದ ಜರ್ಮನ್ ಸಂಸತ್ತಿನ ಮುಂದೆ ಹಿಟ್ಲರ್ ಎರಡು ಗಂಟೆಗೂ ಹೆಚ್ಚು ಹೊತ್ತು ಮಾತಾಡಿದ. ಅವನು ಅಧಿಕಾರಕ್ಕೆ ಬಂದು ಆರು ವರ್ಷ ತುಂಬಿದ ದಿನ ಅದು. ಯುದ್ಧ ಇನ್ನೂ ಏಳು ತಿಂಗಳು ದೂರವಿತ್ತು. ತಾನೊಬ್ಬ ಪ್ರವಾದಿಯಾಗಿ ನುಡಿಯುತ್ತಿದ್ದೇನೆ ಎಂದು ಪೀಠಿಕೆ ಹಾಕಿ, ಯಹೂದಿ ಹಣವಂತರು ಜಗತ್ತನ್ನು ಮತ್ತೊಂದು ಮಹಾಯುದ್ಧಕ್ಕೆ ನೂಕಿದರೆ ಅದರ ಫಲ ಯೂರೋಪಿನ ಯಹೂದಿ ಜನಾಂಗದ ಸರ್ವನಾಶವೇ ಆಗುತ್ತದೆ ಎಂಬರ್ಥದ ಮಾತನ್ನು ಅಂದು ಆಡಿದ. ಸಭೆ ಚಪ್ಪಾಳೆ ತಟ್ಟಿತು. ಆ ಮಾತಿನ ಕಟ್ಟನ್ನು ಗಮನಿಸಿ. ಕೊಲ್ಲುತ್ತೇನೆ ಎಂದು ಹೇಳಲಿಲ್ಲ, ಅವರು ಹೀಗೆ ಮಾಡಿದರೆ ಹಾಗೆ ಆಗುತ್ತದೆ ಎಂದ. ಯುದ್ಧಕ್ಕೆ ಸಿದ್ಧತೆ ಮಾಡುತ್ತಿದ್ದವನು ತಾನು, ಅದರ ಹೊಣೆಯನ್ನು ಮಾತ್ರ ಮುಂಗಡವಾಗಿ ಇನ್ನೊಬ್ಬರ ತಲೆಗೆ ಕಟ್ಟಿ ಇಟ್ಟ. ಬೆಂಕಿ ಹಚ್ಚುವ ಮೊದಲೇ ಹಚ್ಚಿದವರ ಹೆಸರು ಘೋಷಿಸಿಯಾಗಿತ್ತು.

ಮುಂದಿನದು ಇನ್ನೂ ಕೇಡಿನದು. ಯುದ್ಧ ಶುರುವಾದ ಮೇಲೆ, 1941ರ ಜನವರಿ 30ರಂದು, ಮತ್ತೆ 1942ರಲ್ಲಿ, ಮತ್ತೆ ಮತ್ತೆ, ಅವನು ಆ ನುಡಿಯನ್ನು ಜನರಿಗೆ ನೆನಪಿಸಿದ. ನೆನಪಿಸುವಾಗ ತಾರೀಕು ಬದಲಿಸಿದ. ತಾನು ಅದನ್ನು ಹೇಳಿದ್ದು 1939ರ ಸೆಪ್ಟೆಂಬರ್ 1ರಂದು, ಎಂದರೆ ತನ್ನ ಸೇನೆ ಪೋಲೆಂಡಿಗೆ ನುಗ್ಗಿದ ದಿನದಂದು ಎಂದ. ಯುದ್ಧವೂ ಯಹೂದಿಗಳ ನಾಶವೂ ಒಂದೇ ದಿನ ಹುಟ್ಟಿದವು, ಒಂದಕ್ಕೆ ಇನ್ನೊಂದು ಉತ್ತರ ಎಂದು ಕೇಳುವವರ ಮನಸ್ಸಿನಲ್ಲಿ ಬೆಸುಗೆ ಹಾಕುವ ತಾರೀಕು ಅದು. ಮೊದಲ ಸಲ ಕೇಳಿದ ಅದೆಷ್ಟೋ ಜನ ಮನೆಮನೆಯಲ್ಲಿ ಬದುಕಿದ್ದರು, ಪತ್ರಿಕೆಗಳ ಹಳೆಯ ಸಂಚಿಕೆಗಳು ಕೈಗೆಟುಕುವಲ್ಲೇ ಇದ್ದವು. ಇಲ್ಲ, ಅದು ಜನವರಿಯಲ್ಲಿ ಆಡಿದ ಮಾತು, ಆಗ ಯಾವ ಯುದ್ಧವೂ ಇರಲಿಲ್ಲ ಎಂದು ಆ ದೇಶದಲ್ಲಿ ಯಾರೂ ಗಟ್ಟಿಯಾಗಿ ಹೇಳಲಿಲ್ಲ. 'ಯುದ್ಧಕಾಲವಲ್ಲವೇ' ಎನ್ನುವಾಗ ನೀವು, ತಿಳಿಯದೆಯೇ, ಆ ತಿದ್ದಿದ ತಾರೀಕನ್ನೇ ಮತ್ತೊಮ್ಮೆ ಬರೆಯುತ್ತಿದ್ದೀರಿ.

ಯಾರ ಮೇಲೆ ಇಷ್ಟು ದೊಡ್ಡ ಆರೋಪ? ಹಿಟ್ಲರ್ ಅಧಿಕಾರಕ್ಕೆ ಬಂದಾಗ ಜರ್ಮನಿಯಲ್ಲಿದ್ದ ಯಹೂದಿಗಳು ಸುಮಾರು 5 ಲಕ್ಷ, ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ. ಬಟ್ಟೆ ಅಂಗಡಿಯವರು, ದರ್ಜಿಗಳು, ವೈದ್ಯರು, ಪಿಯಾನೋ ಹೇಳಿಕೊಡುವ ಹೆಂಗಸರು, ಮೊದಲ ಮಹಾಯುದ್ಧದಲ್ಲಿ ಅದೇ ಜರ್ಮನಿಗಾಗಿ ಕಾಲು ಕಳೆದುಕೊಂಡು ಬಂದು ಪದಕವನ್ನು ಗೋಡೆಗೆ ತೂಗುಹಾಕಿಕೊಂಡಿದ್ದ ಅಜ್ಜಂದಿರು. ಅವರು ಎದ್ದು ನಿಂತು, ಸ್ವಾಮಿ ನಮ್ಮ ಮಾತನ್ನೂ ಕೇಳಿ, ಎನ್ನುವಂತಿರಲಿಲ್ಲ. 1938ರ ನವೆಂಬರ್ 9ರ ರಾತ್ರಿ, ಮ್ಯೂನಿಕ್ ನಗರದ ಹಳೆಯ ಪುರಭವನದಲ್ಲಿ ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್ ಮಾಡಿದ ಒಂದು ಭಾಷಣದ ಬೆನ್ನಿಗೇ ದೇಶದ ಉದ್ದಗಲಕ್ಕೂ ಅವರ ಪ್ರಾರ್ಥನಾ ಮಂದಿರಗಳು ಹೊತ್ತಿ ಉರಿದವು, ಸುಮಾರು 30 ಸಾವಿರ ಗಂಡಸರನ್ನು ಹಿಡಿದು ಬಂಧನ ಶಿಬಿರಗಳಿಗೆ ತಳ್ಳಲಾಯಿತು, ಅವರ ಪತ್ರಿಕೆಗಳನ್ನು ಮುಚ್ಚಿಸಲಾಯಿತು. ಯುದ್ಧ ಶುರುವಾದ ತಿಂಗಳಲ್ಲೇ, ಅವರು ಉಪವಾಸವಿದ್ದು ಪ್ರಾಯಶ್ಚಿತ್ತ ಮಾಡಿಕೊಳ್ಳುವ ಯೋಮ್ ಕಿಪ್ಪೂರ್ ಹಬ್ಬದ ದಿನವೇ, ಅವರ ಮನೆಗಳ ರೇಡಿಯೋಗಳನ್ನು ಕಿತ್ತುಕೊಳ್ಳಲಾಯಿತು. ಮರುವರ್ಷ ಟೆಲಿಫೋನುಗಳು ಹೋದವು. ಬೀದಿಬೀದಿಯಲ್ಲಿ ಅಗ್ಗದ ರೇಡಿಯೋಗಳು ಅವರ ಬಗ್ಗೆಯೇ ಅರಚುತ್ತಿದ್ದವು. ಅವರಿಗೆ ಮಾತ್ರ ಉತ್ತರ ಕೊಡುವ ಬಾಯೂ ಇರಲಿಲ್ಲ, ತಮ್ಮ ಮೇಲಿನ ಆರೋಪವೇನೆಂದು ಮನೆಯಲ್ಲಿ ಕೂತು ಕೇಳಿಸಿಕೊಳ್ಳುವ ಹಕ್ಕೂ ಇರಲಿಲ್ಲ. ಎದುರಾಳಿಯ ಬಾಯಿ ಕಟ್ಟಿದ ಮೇಲೆ ಗೆದ್ದವನನ್ನು ಎಂಥ ಮಾತುಗಾರ ಎಂದು ಕರೆಯುವುದು ನ್ಯಾಯವೇ? ನಿಮ್ಮೂರ ಚರ್ಚಾಸ್ಪರ್ಧೆಯಲ್ಲಿ ಹಾಗೆ ಯಾರಾದರೂ ಗೆದ್ದಿದ್ದರೆ ಎದ್ದುಹೋಗುತ್ತಿದ್ದವರು ನೀವು.

ಹೊರಗಿನ ಲೋಕವೂ ಕೈಬಿಟ್ಟಿತು ಎನ್ನುವುದನ್ನು ಮುಚ್ಚಿಡಲಾರೆ. 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶಗಳು ಸಭೆ ಸೇರಿ ಯಹೂದಿ ನಿರಾಶ್ರಿತರಿಗಾಗಿ ಮರುಗಿದವು. ಮರುಗಿದ್ದಷ್ಟೇ, ಹೆಚ್ಚುಕಡಿಮೆ ಯಾರೂ ಬಾಗಿಲು ತೆರೆಯಲಿಲ್ಲ. ಹಿಟ್ಲರ್ ತನ್ನ ಜನವರಿಯ ಭಾಷಣದಲ್ಲಿ ಇದನ್ನೇ ಎತ್ತಿ ಆಡಿ, ಕಣ್ಣೀರು ಸುರಿಸುವವರು ಒಬ್ಬರನ್ನೂ ಕರೆದುಕೊಳ್ಳರು ಎಂದು ಹಂಗಿಸಿದ. ಒಳ್ಳೆಯವರು ಸುಮ್ಮನಿದ್ದುದು ಅವನ ಭಾಷಣಕ್ಕೆ ಸರಕಾಯಿತು.

ಈಗ 1941ಕ್ಕೆ ಬನ್ನಿ. ಅಲ್ಲಿ ಸ್ವಲ್ಪ ಹೊತ್ತು ನನ್ನ ಜೊತೆ ನಿಲ್ಲಿ. ಸೆಪ್ಟೆಂಬರ್ ತಿಂಗಳ ಮೊದಲ ಭಾಗದಲ್ಲಿ ಜರ್ಮನಿಯ ಗೋಡೆಗಳ ಮೇಲೆ ನಾತ್ಸಿ ಪಕ್ಷದ ವಾರದ ಭಿತ್ತಿಪತ್ರ ಬಂತು. ಅದರ ತುಂಬ ಹಿಟ್ಲರನ ಆ ಜನವರಿಯ ಭವಿಷ್ಯವಾಣಿಯೇ. ಅದೇ ತಿಂಗಳ 19ರಿಂದ, ಆರು ವರ್ಷ ತುಂಬಿದ ಪ್ರತಿಯೊಬ್ಬ ಯಹೂದಿಯೂ ಎದೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಂಡೇ ಹೊರಗೆ ಬರಬೇಕಾಯಿತು. ಆರು ವರ್ಷ ಎಂದರೆ ಒಂದನೆಯ ತರಗತಿ. ಆಗ ಬರ್ಲಿನ್ನಿನ ಬೀದಿಗಳಲ್ಲಿ ಏನೋ ಒಂದು ನಡೆಯಿತು, ಅದನ್ನು ನೀವು ತಿಳಿಯಬೇಕು. ಕೆಲವರು ನಕ್ಷತ್ರ ತೊಟ್ಟವರನ್ನು ನೋಡಿ ನಕ್ಕರು, ಉಗಿದರು. ಆದರೆ ಕೆಲವರು ಮರುಗಿದರು. ಟ್ರಾಮಿನಲ್ಲಿ ಎದ್ದು ಜಾಗ ಕೊಟ್ಟವರು, ದಾಟಿ ಹೋಗುವಾಗ ತಲೆಬಾಗಿದವರು, ಕೈಗೆ ಏನೋ ತಿನಿಸು ತುರುಕಿ ಮುಂದೆ ಹೋದವರು ಇದ್ದರು. ಪ್ರಭುತ್ವ ಇದರಿಂದ ಬೆಚ್ಚಿತು. ಅಕ್ಟೋಬರ್ 24ರಂದು, ಯಹೂದಿಗಳೊಡನೆ ಬಹಿರಂಗವಾಗಿ ಸ್ನೇಹ ತೋರುವ ಜರ್ಮನರನ್ನು ಮೂರು ತಿಂಗಳವರೆಗೆ ಶಿಬಿರದಲ್ಲಿಡಬಹುದು ಎಂಬ ಆದೇಶ ಹೊರಟಿತು. ನವೆಂಬರ್ 16ರಂದು ಗೊಬೆಲ್ಸ್ ತನ್ನ 'ದಾಸ್ ರೈಶ್' ವಾರಪತ್ರಿಕೆಯಲ್ಲಿ, ತಪ್ಪು ಯಹೂದಿಗಳದ್ದೇ ಎಂಬ ಶೀರ್ಷಿಕೆ ಕೊಟ್ಟು ಲೇಖನ ಬರೆದ.

ಆ ಲೇಖನದ ಗುರಿ ಯಹೂದಿಗಳಷ್ಟೇ ಆಗಿರಲಿಲ್ಲ. ಅದರ ಗುರಿ ಆ ಟ್ರಾಮಿನಲ್ಲಿ ಎದ್ದು ಜಾಗ ಕೊಟ್ಟವನು. ನಿಮ್ಮಂಥವನು. ಭವಿಷ್ಯವಾಣಿ ಈಗ ನಿಜವಾಗುತ್ತಿದೆ ಎಂದು ಅದು ಸಾರಿತು, ಅವರ ಬಗ್ಗೆ ಮರುಕ ಸಲ್ಲದು ಎಂದಿತು, ರಣರಂಗದಲ್ಲಿ ಬಿದ್ದ ಪ್ರತಿಯೊಬ್ಬ ಜರ್ಮನ್ ಸೈನಿಕನ ಸಾವನ್ನೂ ಯಹೂದಿಗಳ ಲೆಕ್ಕಕ್ಕೆ ಬರೆಯಿತು. ಎಳೆಗೂಸುಗಳನ್ನೂ ಮುದುಕಿಯರನ್ನೂ ಬೀದಿಗೆ ಕಳಿಸಿ ನಿಮ್ಮ ಕನಿಕರ ಗಿಟ್ಟಿಸುವುದು ಅವರ ಹೊಸ ತಂತ್ರ ಎಂದು ಎಚ್ಚರಿಸಿತು. ಯೋಚಿಸಿ. ಮುದುಕಿಯೊಬ್ಬಳು ನಡುಗುತ್ತ ರಸ್ತೆ ದಾಟುವುದೂ ತಂತ್ರ, ಮಗುವಿನ ಕಣ್ಣೂ ತಂತ್ರ, ಅವರನ್ನು ಕಂಡು ನಿಮ್ಮ ಎದೆಯಲ್ಲಿ ಏಳುವ ಸಂಕಟ ನಿಮ್ಮ ದೌರ್ಬಲ್ಯ, ನಿಮ್ಮ ದೇಶದ್ರೋಹ! ಮನುಷ್ಯನಿಗೆ ಮನುಷ್ಯನ ಮೇಲೆ ಹುಟ್ಟುವ ಮರುಕವನ್ನು ಬೇರುಸಹಿತ ಕೀಳಲು ಒಂದು ಸರ್ಕಾರದ ಮಂತ್ರಿಯೇ ಪೆನ್ನು ಹಿಡಿದು ಕೂರಬೇಕಾಯಿತು ಎಂದರೆ, ಆ ಮರುಕ ಅಲ್ಲಿ ಇತ್ತು ಎಂದೇ ಅರ್ಥ. ಇಲ್ಲದ್ದನ್ನು ಯಾರೂ ಕೀಳಲು ಹೋಗುವುದಿಲ್ಲ. ಆ ಜನ ರಾಕ್ಷಸರಾಗಿರಲಿಲ್ಲ. ನನ್ನನ್ನು ರಾತ್ರಿ ನಿದ್ದೆಗೆಡಿಸುವುದು ಇದೇ. ಅವರು ನಿಮ್ಮ ಹಾಗೆ, ನನ್ನ ಹಾಗೆ ಇದ್ದರು, ಅವರಿಗೆ ಗೊತ್ತಿಲ್ಲದ್ದಲ್ಲ, ಎದೆ ಕರಗದಿದ್ದುದೂ ಅಲ್ಲ. ಕರಗಿದ ಎದೆಯನ್ನು ಒಂದು ಭಾಷಣ ಕೇಳಿ, ಇನ್ನೊಂದು ಭಾಷಣ ಕೇಳಿ, ಮೆಲ್ಲಮೆಲ್ಲಗೆ ಗಟ್ಟಿಮಾಡಿಕೊಂಡರು.

ಆ ಲೇಖನ ಬಂದ ಮರುದಿನ, ನವೆಂಬರ್ 17ರಂದು, ಬರ್ಲಿನ್ನಿನಿಂದ ಒಂದು ರೈಲು ಹೊರಟಿತು. 20ರಂದು ಮ್ಯೂನಿಕ್‌ನಿಂದ ಒಂದು, 22ರಂದು ಫ್ರಾಂಕ್‌ಫರ್ಟಿನಿಂದ ಒಂದು. ಪೂರ್ವಕ್ಕೆ ಕಳಿಸುತ್ತೇವೆ, ಅಲ್ಲಿ ಕೆಲಸವಿದೆ, ನೆಲೆಯಿದೆ ಎಂದು ಹೇಳಿದ್ದರಿಂದ ಜನ ಚಳಿಗಾಲಕ್ಕೆಂದು ಕಂಬಳಿ, ಕೋಟು, ಪಾತ್ರೆ ಕಟ್ಟಿಕೊಂಡಿದ್ದರು; ಗಂಟುಮೂಟೆ ಹೊತ್ತು, ಮಕ್ಕಳ ಕೈ ಹಿಡಿದು, ಮುದುಕರನ್ನು ನಡೆಸಿಕೊಂಡು, ತಮ್ಮದೇ ಊರಿನ ಬೀದಿಗಳಲ್ಲಿ, ತಮ್ಮ ನೆರೆಯವರ ಕಿಟಕಿಗಳ ಕೆಳಗೆ ಹಾದು ಸ್ಟೇಷನ್ನಿಗೆ ಹೋದರು. ರೈಲುಗಳು ಲಿಥುವೇನಿಯಾದ ಕೌನಸ್ ನಗರ ಮುಟ್ಟಿದವು. ಅಲ್ಲಿನ ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೋದ ಬೇಲಿಯ ಪಕ್ಕದಲ್ಲೇ ಅವರನ್ನು ನಡೆಸಿಕೊಂಡು ಹೋದರು; ಶಿಬಿರ ಇನ್ನೂ ದೂರವೇ ಎಂದು ಅವರು ಬೇಲಿಯೊಳಗಿದ್ದವರನ್ನು ಕೇಳಿದ್ದನ್ನು ಬದುಕುಳಿದ ಒಬ್ಬರು ಮುಂದೆ ಸಾಕ್ಷಿ ನುಡಿದಿದ್ದಾರೆ. ಅವರು ಹೋಗುತ್ತಿದ್ದುದು ಊರಾಚೆಯ ಒಂಬತ್ತನೆಯ ಕೋಟೆಗೆ. ಅಲ್ಲಿ ಗುಂಡಿಗಳು ತೋಡಿ ಸಿದ್ಧವಾಗಿದ್ದವು. ನವೆಂಬರ್ 25ರಂದು ಅಲ್ಲಿ ಸತ್ತವರ ಲೆಕ್ಕವನ್ನು ಕೊಂದವರೇ ಬರೆದಿಟ್ಟರು: 1,159 ಗಂಡಸರು, 1,600 ಹೆಂಗಸರು, 175 ಮಕ್ಕಳು. ನಾಲ್ಕು ದಿನ ಕಳೆದು ಮತ್ತೆ 2,000 ಜನ; ಅದರಲ್ಲಿ ಮಕ್ಕಳು 152.

ಆ 175 ಮಕ್ಕಳನ್ನು ಬರೀ ಸಂಖ್ಯೆಯಾಗಿ ಓದಿ ಮುಂದೆ ಹೋಗಬೇಡಿ ಎಂದು ಬೇಡಿಕೊಳ್ಳುತ್ತೇನೆ. ಒಂದು ಹಳ್ಳಿಯ ಶಾಲೆಯಲ್ಲಿ ಎಷ್ಟು ಮಕ್ಕಳಿರುತ್ತಾರೆಂದು ನಿಮಗೆ ಗೊತ್ತಿಲ್ಲದ್ದಲ್ಲ. ಬೆಳಗಿನ ಪ್ರಾರ್ಥನೆಗೆ ಸಾಲಾಗಿ ನಿಂತ ಒಂದಿಡೀ ಶಾಲೆ, ಮುಂದಿನ ಸಾಲಿನ ಪುಟಾಣಿಗಳಿಂದ ಹಿಡಿದು ಹಿಂದಿನ ಸಾಲಿನ ಎತ್ತರದವರವರೆಗೆ. ಯಾವ ಜಾಗತಿಕ ಯುದ್ಧವನ್ನು ಅವರು ಹೂಡಿದ್ದರು? ಯಾವ ಬ್ಯಾಂಕು ಅವರ ಕೈಯಲ್ಲಿತ್ತು? ಒಂಬತ್ತು ದಿನದ ಹಿಂದೆ ಒಬ್ಬ ಮಂತ್ರಿ ಬರೆದ ಚೆಂದದ ಗದ್ಯ, ಸುಮಾರು ಮೂರು ವರ್ಷದ ಹಿಂದೆ ಒಬ್ಬ ನಾಯಕ ಆಡಿದ ಮಾತು, ಅದಕ್ಕೆ ಬಿದ್ದ ಚಪ್ಪಾಳೆ, ಇವು ಆ ಗುಂಡಿಯ ಅಂಚಿನವರೆಗೂ ಅವರ ಜೊತೆ ನಡೆದು ಬಂದವು. ಕೋವಿ ಹಿಡಿದವನಿಗೆ ತಾನು ಮಕ್ಕಳನ್ನು ಕೊಲ್ಲುತ್ತಿಲ್ಲ, ದೇಶ ಕಾಯುತ್ತಿದ್ದೇನೆ ಎಂದು ಅನ್ನಿಸುವಂತೆ ಮಾಡಿದ್ದು ಆ ಮಾತೇ. ಕಿಟಕಿಯಲ್ಲಿ ನಿಂತು ನೋಡಿದವನಿಗೆ ಪರದೆ ಎಳೆದುಕೊಳ್ಳಲು ನೆಪ ಕೊಟ್ಟಿದ್ದೂ ಆ ಮಾತೇ. ಮಾತಿನ ಕಲೆ ಎಂದು ನೀವು ಮೆಚ್ಚುವುದು ಇದನ್ನು.

1943ರ ಫೆಬ್ರವರಿ 18ರ ಭಾಷಣವನ್ನೂ ನೀವು ನೋಡಿರಬಹುದು. ಬರ್ಲಿನ್ನಿನ ಕ್ರೀಡಾಭವನ, ಸ್ಟಾಲಿನ್‌ಗ್ರಾಡ್ ಸೋಲಿನ ಬಿಸಿ, ಪೂರ್ಣಯುದ್ಧ ಬೇಕೇ ಎಂದು ಗೊಬೆಲ್ಸ್ ಕೇಳುವುದು, ಸಾವಿರಾರು ಜನ ಎದ್ದು ನಿಂತು ಹೌದು ಎನ್ನುವುದು. ವಾಕ್ಚಾತುರ್ಯದ ಪಾಠಗಳಲ್ಲಿ ಆ ಪ್ರಶ್ನೆ ಉತ್ತರದ ಭಾಗವನ್ನು ತೋರಿಸುತ್ತಾರೆ. ಅದೇ ಭಾಷಣದಲ್ಲಿ ಯಹೂದಿಗಳ ಬಗ್ಗೆ ಹೇಳುತ್ತ ಅವನು ನಾಶ ಎನ್ನುವ ಮಾತಿಗೆ ಬಾಯಿ ಹಾಕಿ, ಅರ್ಧದಲ್ಲೇ ತಡೆದು, ಅದಕ್ಕಿಂತ ಮೆತ್ತಗಿನ ಮಾತಿಗೆ ತಿರುಗಿಕೊಂಡ. ರೇಡಿಯೋದ ಧ್ವನಿಮುದ್ರಣದಲ್ಲಿ ಅದು ಇವತ್ತಿಗೂ ಕೇಳಿಸುತ್ತದೆ. ಅದರ ಬೆನ್ನಿಗೆ ಚಪ್ಪಾಳೆ, ಯಹೂದಿಗಳನ್ನು ಹೊರಗಟ್ಟಿ ಎಂಬ ಕೂಗು, ನಗು. ಆ ಹೊತ್ತಿಗೆ ಟ್ರೆಬ್ಲಿಂಕಾದಲ್ಲಿ, ಬೆಲ್ಜೆಕ್‌ನಲ್ಲಿ, ಸೋಬಿಬೋರ್‌ನಲ್ಲಿ, ಆಶ್ವಿಟ್ಸ್‌ನಲ್ಲಿ, ಈ ಕೊಲೆಶಿಬಿರಗಳಲ್ಲಿ, ಲಕ್ಷಲಕ್ಷ ಜನ ಸತ್ತಾಗಿತ್ತು. ನುಂಗಿಕೊಂಡ ಆ ಮಾತಿನ ಅರ್ಥ ನಕ್ಕವರಿಗೆ ಆಗದೆ ಇರಲಿಲ್ಲ. ಅದೇ ವರ್ಷ ಅಕ್ಟೋಬರ್ 6ರಂದು, ಪೋಸೆನ್ ನಗರದಲ್ಲಿ ಬಾಗಿಲು ಮುಚ್ಚಿದ ಕೋಣೆಯೊಳಗೆ, ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರ್ ಪಕ್ಷದ ಮುಖಂಡರಿಗೆ ಅಡ್ಡಮಾತಿಲ್ಲದೆ ವಿವರಿಸಿದ: ಗಂಡಸರನ್ನು ಕೊಂದು, ನಾಳೆ ಸೇಡು ತೀರಿಸಿಕೊಳ್ಳಲು ಬೆಳೆಯುವ ಮಕ್ಕಳನ್ನು ಉಳಿಸುವ ಹಕ್ಕು ತನಗಿಲ್ಲ ಎಂದುಕೊಂಡೆ ಎಂದ. ಸಭಾಭವನದ ಭಾಷಣ ಎಲ್ಲಿಗೆ ಮುಟ್ಟುತ್ತದೆ ಎನ್ನುವುದಕ್ಕೆ ಈ ಮುಚ್ಚಿದ ಕೋಣೆಯ ಭಾಷಣವೇ ಸಾಕ್ಷಿ.

ಆಗ ಮಾತಾಡಿ ಏನು ಪ್ರಯೋಜನವಿತ್ತು, ಮಾತಾಡಿದವರನ್ನೂ ಕೊಲ್ಲುತ್ತಿದ್ದರಲ್ಲ, ಎಂದು ನೀವು ಕೇಳುತ್ತೀರಿ. ಕೇಳುವುದು ಸರಿಯೇ. ಅಪಾಯವಿತ್ತು. ಬರ್ಲಿನ್ನಿನ ಸೇಂಟ್ ಹೆಡ್ವಿಗ್ ಚರ್ಚಿನ ಪಾದ್ರಿ ಬರ್ನ್‌ಹಾರ್ಡ್ ಲಿಖ್ಟನ್‌ಬರ್ಗ್, 1938ರ ಆ ಬೆಂಕಿಯ ರಾತ್ರಿಯ ಮರುದಿನದಿಂದಲೇ, ಹೊರಗೆ ಉರಿಯುತ್ತಿರುವುದೂ ದೇವರ ಮನೆಯೇ ಎಂದು ಹೇಳಿ, ಪ್ರತಿ ಸಂಜೆ ಎಲ್ಲರಿಗೂ ಕೇಳಿಸುವಂತೆ ಯಹೂದಿಗಳಿಗಾಗಿ ಪ್ರಾರ್ಥಿಸಿದರು. ಸುಮಾರು ಮೂರು ವರ್ಷ ಹಾಗೆ ನಡೆಯಿತು. ಕೊನೆಗೆ ಪ್ರಾರ್ಥನೆ ಕೇಳಿದ ಇಬ್ಬರು ಯುವತಿಯರು ದೂರು ಕೊಟ್ಟರು. ಸೆರೆಮನೆ ಕಂಡ ಲಿಖ್ಟನ್‌ಬರ್ಗ್, 1943ರ ನವೆಂಬರಿನಲ್ಲಿ ಡಾಖಾವ್ ಶಿಬಿರಕ್ಕೆ ಒಯ್ಯುವ ದಾರಿಯಲ್ಲಿ ತೀರಿಕೊಂಡರು. ಬೆಲೆ ಅಷ್ಟಿತ್ತು. ಆದರೆ ಬೆಲೆ ಎಲ್ಲ ಕಾಲಕ್ಕೂ ಎಲ್ಲರಿಗೂ ಅಷ್ಟೇ ಇರಲಿಲ್ಲ. 1941ರ ಆಗಸ್ಟ್ 3ರಂದು ಮ್ಯೂನ್‌ಸ್ಟರಿನ ಬಿಷಪ್ ಗಾಲೆನ್, ಅಂಗವಿಕಲರನ್ನೂ ಮನೋರೋಗಿಗಳನ್ನೂ ಆಸ್ಪತ್ರೆಗಳಿಂದ ಒಯ್ದು ಕೊಲ್ಲುತ್ತಿರುವುದನ್ನು ಪೀಠದಿಂದಲೇ ಖಂಡಿಸಿದರು. ಆ ಪ್ರವಚನದ ಪ್ರತಿಗಳು ಕೈಯಿಂದ ಕೈಗೆ ದಾಟಿದವು, ಮೂರು ವಾರದೊಳಗೆ ಹಿಟ್ಲರ್ ಆ ಯೋಜನೆಯನ್ನು ನಿಲ್ಲಿಸುವ ಆದೇಶ ಕೊಡಬೇಕಾಯಿತು. ಕೊಲೆಗಳು ಗುಟ್ಟಾಗಿ ಮುಂದುವರಿದವು ನಿಜ, ಆದರೂ ಆ ಪ್ರಭುತ್ವ ಒಂದು ದನಿಗೆ ಅಳುಕಿತು. ಅದೇ ಬಿಷಪ್ಪರ ದನಿ ಯಹೂದಿಗಳಿಗಾಗಿ ಹಾಗೆ ಏಳಲಿಲ್ಲ. ಎದ್ದಿದ್ದರೆ, ಎಂಬ ಪ್ರಶ್ನೆ ಉಳಿದೇ ಇದೆ, ಅದಕ್ಕೆ ಉತ್ತರ ಕೊಡಬೇಕಾದವರು ಕೌನಸಿನ ಗುಂಡಿಯಲ್ಲಿದ್ದಾರೆ.

ಬಲ್ಗೇರಿಯಾ ಜರ್ಮನಿಯ ಮಿತ್ರದೇಶವಾಗಿತ್ತು. 1943ರ ಮಾರ್ಚಿನಲ್ಲಿ ಅಲ್ಲಿನ ಸಂಸತ್ತಿನ ಉಪಸಭಾಪತಿ ದಿಮಿತರ್ ಪೆಶೆವ್, ತಮ್ಮ ಊರಿನ ಯಹೂದಿಗಳನ್ನು ಸಾಗಿಸಲು ಸಿದ್ಧತೆ ನಡೆದಿದೆ ಎಂದು ತಿಳಿದು, ಪ್ರತಿಭಟನೆಯ ಪತ್ರ ಬರೆದು 43 ಸದಸ್ಯರ ಸಹಿ ಕೂಡಿಸಿದರು. ಅವರೇನು ಹುಟ್ಟು ಹೋರಾಟಗಾರರಲ್ಲ. ಯಹೂದಿಗಳ ವಿರುದ್ಧದ ಕಾನೂನು ಬಂದಾಗ ಸುಮ್ಮನಿದ್ದವರೇ. ಪತ್ರದ ಬೆಲೆಯಾಗಿ ಸ್ಥಾನ ಹೋಯಿತು. ಅವರಂಥವರ ಜೊತೆಗೆ ಅಲ್ಲಿನ ಧರ್ಮಗುರುಗಳ, ಜನರ ದನಿಯೂ ಸೇರಿತು, ಹಳೆಯ ಬಲ್ಗೇರಿಯಾದ ಸುಮಾರು 48 ಸಾವಿರ ಯಹೂದಿಗಳು ಉಳಿದರು. ಆ ದೇಶದ ಹಿಡಿತದಲ್ಲಿದ್ದ ಥ್ರೇಸ್, ಮ್ಯಾಸಿಡೋನಿಯಾಗಳ 11 ಸಾವಿರಕ್ಕೂ ಹೆಚ್ಚು ಜನರ ಪರವಾಗಿ ಹಾಗೆ ಯಾರೂ ಹೊತ್ತಿಗೆ ಸರಿಯಾಗಿ ನಿಲ್ಲಲಿಲ್ಲ, ಅವರು ಟ್ರೆಬ್ಲಿಂಕಾಕ್ಕೆ ಹೋದರು. ದನಿ ಇದ್ದಲ್ಲಿ ಜೀವ, ದನಿ ಇಲ್ಲದಲ್ಲಿ ರೈಲು.

ಇದೆಲ್ಲ ಎಲ್ಲೋ ದೂರದ ಕಥೆ ಎಂದು ನಿಮಗೆ ಅನ್ನಿಸುತ್ತಿದ್ದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಒಮ್ಮೆ ಬನ್ನಿ. ಕ್ವಾಂಟಮ್ ಭೌತಶಾಸ್ತ್ರವನ್ನು ಕಟ್ಟಿದವರಲ್ಲಿ ಒಬ್ಬರಾದ ಮ್ಯಾಕ್ಸ್ ಬಾರ್ನ್, 1933ರಲ್ಲಿ ಯಹೂದಿ ಎಂಬ ಒಂದೇ ಕಾರಣಕ್ಕೆ ಗೋಟಿಂಗೆನ್ ವಿಶ್ವವಿದ್ಯಾಲಯದ ಹುದ್ದೆಯಿಂದ ಹೊರದಬ್ಬಿಸಿಕೊಂಡು, 1935ರ ಕೊನೆಗೆ ಸಿ.ವಿ. ರಾಮನ್ ಅವರ ಕರೆಯ ಮೇಲೆ ಇಲ್ಲಿಗೆ ಬಂದು ಆರು ತಿಂಗಳು ಇದ್ದರು. ಅವರನ್ನು ಇಲ್ಲೇ ಉಳಿಸಿಕೊಳ್ಳಬೇಕೆಂದು ರಾಮನ್ ಬಯಸಿದರು. ಪ್ರಾಧ್ಯಾಪಕರ ಸಭೆಯಲ್ಲಿ, ಬಾರ್ನ್ ಎದುರಿಗೇ, ಇಂಗ್ಲೆಂಡಿನಿಂದ ಬಂದಿದ್ದ ಒಬ್ಬರು ಎದ್ದು ನಿಂತು, ತನ್ನ ದೇಶದಿಂದಲೇ ಅಟ್ಟಿಸಿಕೊಂಡು ಬಂದ ಎರಡನೆಯ ದರ್ಜೆಯ ಪರದೇಶಿ ನಮಗೆ ಬೇಡ ಎಂಬ ಧಾಟಿಯಲ್ಲಿ ಮಾತಾಡಿದರು. ಮುಂದೆ ನೊಬೆಲ್ ಪಡೆದ ಆ ಮನುಷ್ಯ ಅಂದು ಮನೆಗೆ ಹೋಗಿ ಹೆಂಡತಿಯ ಎದುರು ಅತ್ತರು. ಬರ್ಲಿನ್ನಿನ ಸಭಾಭವನದಲ್ಲಿ ಹೊರಟ ಮಾತು ಸಮುದ್ರ ದಾಟಿ ನಮ್ಮೂರಿನ ಒಂದು ಕೊಠಡಿಯವರೆಗೂ ಬಂದಿತ್ತು. ಅಟ್ಟಿಸಿಕೊಂಡವನದೇ ತಪ್ಪಿರಬೇಕು ಎನ್ನುವ ಮಾತು ಅದು. ಬರ್ಲಿನ್ನಿನಲ್ಲಿ ಹುಟ್ಟಿದ ಇನ್ನೊಬ್ಬ ಯಹೂದಿ, ವಾಸ್ತುಶಿಲ್ಪಿ ಆಟೋ ಕೋನಿಗ್ಸ್‌ಬರ್ಗರ್, 1939ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು, ಅದೇ ಸಂಸ್ಥೆಯ ಆವರಣದಲ್ಲಿ ಕಟ್ಟಡಗಳನ್ನು ವಿನ್ಯಾಸ ಮಾಡಿಕೊಟ್ಟರು. ಆ ಭವಿಷ್ಯವಾಣಿ ಯಾರ ನಾಶವನ್ನು ಸಾರಿತೋ ಅವರಲ್ಲಿ ಇವರಿಬ್ಬರೂ ಇದ್ದರು. ನಮ್ಮ ನೆಲ ಒಬ್ಬರಿಗೆ ನೆರಳು ಕೊಟ್ಟಿತು, ಇನ್ನೊಬ್ಬರನ್ನು ಉಳಿಸಿಕೊಳ್ಳಲಿಲ್ಲ.

ನಿಮ್ಮನ್ನು ನಾನು ದೂರುತ್ತಿಲ್ಲ, ಬೇಡುತ್ತಿದ್ದೇನೆ. ಆ ತುಣುಕು ಮತ್ತೆ ಬರುತ್ತದೆ. ಬಂದಾಗ ಕಳಿಸಿದವರ ಜೊತೆ ಜಗಳ ಬೇಡ. ಇದು ಯಾವ ದಿನದ ಭಾಷಣ, ಇದರಲ್ಲಿ ಯಾರ ಬಗ್ಗೆ ಏನು ಹೇಳಿದ್ದಾನೆ, ಅವರು ಉತ್ತರ ಕೊಡುವ ಸ್ಥಿತಿಯಲ್ಲಿದ್ದರೇ, ಮರುವರ್ಷ ಅವರು ಎಲ್ಲಿದ್ದರು ಎಂದು ಮೆಲ್ಲಗೆ ಕೇಳಿ. ನಮ್ಮೆಲ್ಲ ಕಷ್ಟಕ್ಕೂ ಇಂಥವರೇ ಕಾರಣ ಎಂದು ಯಾವ ವೇದಿಕೆಯಿಂದ ಯಾರೇ ಹೇಳಲಿ, ಪಕ್ಕದಲ್ಲಿ ಕೂತವರು ಚಪ್ಪಾಳೆಗೆ ಕೈ ಎತ್ತಲಿ, ನಿಮ್ಮ ಕೈ ಮಡಿಲಲ್ಲೇ ಇರಲಿ. ನಿಮ್ಮ ಎದೆಯಲ್ಲಿ ಮರುಕ ಎದ್ದರೆ ಅದನ್ನು ದೌರ್ಬಲ್ಯ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಗೊಬೆಲ್ಸ್ ಅತ್ಯಂತ ಹೆದರಿದ್ದು ಅದಕ್ಕೇ.

ಇನ್ನು, ಮಕ್ಕಳಿಗೆ ಭಾಷಣ ಕಲಿಸುವ ಮೇಷ್ಟ್ರುಗಳೇ, ಮೇಡಂಗಳೇ, ಶಿಬಿರ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ನಿಮಗೆ ಮಾದರಿ ಬೇಕೆಂದರೆ ಇಲ್ಲೊಂದಿದೆ. ಫ್ರಾನ್ಸಿನ ತುಲೂಸ್ ನಗರದ ಆರ್ಚ್‌ಬಿಷಪ್ ಸಾಲಿಯೇಜ್ ಪಾರ್ಶ್ವವಾಯು ಪೀಡಿತರು, ಮಾತು ತೊದಲುತ್ತಿತ್ತು, ವೇದಿಕೆ ಹತ್ತಿ ಗುಡುಗುವ ಶಕ್ತಿ ಅವರಲ್ಲಿರಲಿಲ್ಲ. 1942ರ ಆಗಸ್ಟಿನಲ್ಲಿ ತಾಯಂದಿರನ್ನೂ ಮಕ್ಕಳನ್ನೂ ಬೇರ್ಪಡಿಸಿ ಸಾಗಿಸುತ್ತಿರುವುದನ್ನು ತಿಳಿದು, ಯಹೂದಿಗಳೂ ಮನುಷ್ಯರು, ನಮ್ಮ ಸಹೋದರರು, ಅವರ ಮೇಲೆ ಏನು ಬೇಕಾದರೂ ಮಾಡಲು ಯಾರಿಗೂ ಅಧಿಕಾರವಿಲ್ಲ ಎಂಬರ್ಥದ ಪುಟ್ಟ ಪತ್ರ ಬರೆದು ತಮ್ಮ ಚರ್ಚುಗಳಿಗೆಲ್ಲ ಕಳಿಸಿದರು. ಓದಕೂಡದು ಎಂದು ಅಧಿಕಾರಿಗಳು ತಾಕೀತು ಮಾಡಿದರು. 23ರ ಭಾನುವಾರ ಹಳ್ಳಿಹಳ್ಳಿಯ ಪಾದ್ರಿಗಳು ಅದನ್ನು ಓದಿಯೇ ಬಿಟ್ಟರು, ಅದನ್ನು ಕೇಳಿದ ಎಷ್ಟೋ ಮನೆಗಳ ಬಾಗಿಲು ಯಹೂದಿ ಮಕ್ಕಳಿಗೆ ತೆರೆಯಿತು. ಮುಂದಿನ ಭಾಷಣ ಸ್ಪರ್ಧೆಗೆ ಮೊದಲು ಆ ಪತ್ರದ ಕಥೆಯನ್ನು ತರಗತಿಯಲ್ಲಿ ಹೇಳಿ. ಐದು ನಿಮಿಷವೂ ಬೇಕಾಗುವುದಿಲ್ಲ.